ಖಾಲಿ ಅನಿಲ ಡಬ್ಬಿಗಳ ಸುರಕ್ಷಿತ ವಿಲೇವಾರಿ

ಒತ್ತಡದಲ್ಲಿ ಅನಿಲ ತುಂಬಿ ಮಾರುವ, ಮರುಭರ್ತಿಗೆ ಬಾರದ ಸಣ್ಣ ಲೋಹದ ಡಬ್ಬಿಗಳನ್ನು ಬಳಕೆ ಮುಗಿದ ಮೇಲೆ ಬೆಂಕಿ, ಸ್ಫೋಟ ಮತ್ತು ವಿಷದ ಅಪಾಯವಿಲ್ಲದಂತೆ ಕಸದ ವ್ಯವಸ್ಥೆಗೆ ಒಪ್ಪಿಸಿ, ಅವುಗಳ ಲೋಹವನ್ನು ಮರಳಿ ಪಡೆಯುವ ಕ್ರಮವನ್ನು ಖಾಲಿ ಅನಿಲ ಡಬ್ಬಿಗಳ ಸುರಕ್ಷಿತ ವಿಲೇವಾರಿ ಎನ್ನುತ್ತಾರೆ. ಮನೆಯ ಕಸದಲ್ಲಿ ಬರುವ ವಸ್ತುಗಳ ಪೈಕಿ ಒತ್ತಿದಾಗ, ಕಾಯಿಸಿದಾಗ ಅಥವಾ ಚುಚ್ಚಿದಾಗ ಸಿಡಿಯಬಲ್ಲ ಕೆಲವೇ ವಸ್ತುಗಳಲ್ಲಿ ಈ ಡಬ್ಬಿಯೂ ಒಂದು. ಕಸವನ್ನು ಒತ್ತುವುದು, ಕಾಯಿಸುವುದು, ಚುಚ್ಚುವುದು ಈ ಮೂರೂ ಕಸ ನಿರ್ವಹಣೆಯಲ್ಲಿ ದಿನನಿತ್ಯ ನಡೆಯುವ ಕ್ರಿಯೆಗಳಾದ್ದರಿಂದ ಇದಕ್ಕೆ ಪ್ರತ್ಯೇಕ ಕ್ರಮ ಬೇಕಾಗುತ್ತದೆ.

ವ್ಯಾಪ್ತಿ ಮತ್ತು ಪರಿಭಾಷೆ

ಸೊಳ್ಳೆ ಮತ್ತು ಜಿರಲೆ ಸ್ಪ್ರೇ, ಡಿಯೋಡರೆಂಟ್, ಶೇವಿಂಗ್ ಫೋಮ್, ಕೊಠಡಿಯ ಸುಗಂಧ, ಸ್ಪ್ರೇ ಪೇಂಟ್, ತುಕ್ಕು ಬಿಡಿಸುವ ಸ್ಪ್ರೇ, ಕಂಪ್ಯೂಟರಿನ ದೂಳು ಊದುವ ಡಬ್ಬಿ, ಚಾರಣಿಗರ ಒಲೆಯ ಬ್ಯೂಟೇನ್ ಡಬ್ಬಿ, ಲೈಟರಿಗೆ ಅನಿಲ ತುಂಬುವ ಡಬ್ಬಿ, ಆಸ್ತಮಾ ಇನ್‌ಹೇಲರಿನ ಒಳಡಬ್ಬಿ ಇವೆಲ್ಲ ಅನಿಲ ಡಬ್ಬಿಗಳೇ. ಅಡುಗೆಯ ಎಲ್‌ಪಿಜಿ, ಆಸ್ಪತ್ರೆಯ ಆಮ್ಲಜನಕ, ವೆಲ್ಡಿಂಗಿನ ಅಸಿಟಿಲೀನ್ ಮುಂತಾದವನ್ನು ತುಂಬುವ, ಮತ್ತೆ ಮತ್ತೆ ಭರ್ತಿಯಾಗುವ ಪಾತ್ರೆಗಳನ್ನು ಈ ಲೇಖನದಲ್ಲಿ ಸಿಲಿಂಡರ್ ಎಂದು ಕರೆಯಲಾಗಿದೆ. ಭಾರತದ ಗ್ಯಾಸ್ ಸಿಲಿಂಡರ್ ನಿಯಮಗಳು 500 ಮಿಲಿಲೀಟರ್‌ಗಿಂತ ಹೆಚ್ಚು ಮತ್ತು 1000 ಲೀಟರ್ ಮೀರದ ಗಾತ್ರದ ಮುಚ್ಚಿದ ಲೋಹದ ಪಾತ್ರೆಯನ್ನು ಸಿಲಿಂಡರ್ ಎಂದು ಗುರುತಿಸುತ್ತವೆ. ಮನೆಬಳಕೆಯ ಹೆಚ್ಚಿನ ಸ್ಪ್ರೇ ಡಬ್ಬಿಗಳು ಈ ಅಳತೆಗಿಂತ ಚಿಕ್ಕವು.

ಡಬ್ಬಿಯೊಳಗಿನ ಪದಾರ್ಥವನ್ನು ಹೊರಕ್ಕೆ ತಳ್ಳುವ ಅನಿಲಕ್ಕೆ ನೋದಕ ಎಂದು ಹೆಸರು. ಖಾಲಿ ಎಂಬ ಮಾತನ್ನು ಇಲ್ಲಿ ಒಂದೇ ಅರ್ಥದಲ್ಲಿ ಬಳಸಲಾಗಿದೆ: ಗುಂಡಿ ಒತ್ತಿದಾಗ ಪದಾರ್ಥವೂ ಬಾರದ, ಸುಯ್ಯೆನ್ನುವ ಸದ್ದೂ ಕೇಳದ, ಅಲುಗಿಸಿದರೆ ಒಳಗೆ ದ್ರವ ತುಳುಕದ ಸ್ಥಿತಿ. ಸ್ಪ್ರೇ ಬರುವುದು ನಿಂತಿತು ಎಂಬುದಷ್ಟೇ ಖಾಲಿಯಾದುದಕ್ಕೆ ಸಾಕ್ಷಿಯಲ್ಲ.

ಹುಟ್ಟು ಮತ್ತು ಬೆಳವಣಿಗೆ

ಒತ್ತಡದ ಅನಿಲದಿಂದ ದ್ರವವನ್ನು ಸಿಂಪಡಿಸುವ ಡಬ್ಬಿಗೆ ಪೇಟೆಂಟ್ ಪಡೆದವರಲ್ಲಿ ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್ ಮೊದಲಿಗ. ಅದು 1920ರ ದಶಕದ ಮಾತು. ಬಳಕೆ ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ಕೃಷಿ ಇಲಾಖೆಯ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲಿವನ್ ಮಲೇರಿಯಾ ಪ್ರದೇಶಗಳಲ್ಲಿ ಹೋರಾಡುತ್ತಿದ್ದ ಸೈನಿಕರಿಗಾಗಿ 1940ರ ದಶಕದ ಆರಂಭದಲ್ಲಿ ಕೀಟನಾಶಕದ ಡಬ್ಬಿಯನ್ನು ರೂಪಿಸಿದರು. ಆ ಡಬ್ಬಿ ದಪ್ಪ ಉಕ್ಕಿನದು, ಭಾರವಾದದ್ದು. ರಾಬರ್ಟ್ ಅಬ್‌ಪ್ಲನಾಲ್ಪ್ 1949ರಲ್ಲಿ ಅಗ್ಗದ ಕವಾಟವೊಂದನ್ನು ಕಂಡುಹಿಡಿದ ಮೇಲೆ ತೆಳು ತಗಡಿನ, ಬಳಸಿ ಬಿಸಾಡುವ ಡಬ್ಬಿ ಮಾರುಕಟ್ಟೆ ತುಂಬಿತು. ವಿಲೇವಾರಿಯ ಸಮಸ್ಯೆಯೂ ಅಲ್ಲಿಂದಲೇ ಶುರು.

ಆಗಿನ ಡಬ್ಬಿಗಳ ನೋದಕ ಕ್ಲೋರೋಫ್ಲೋರೋಕಾರ್ಬನ್. ಇದು ಉರಿಯುವುದಿಲ್ಲ, ವಾಸನೆಯಿಲ್ಲ, ವಿಷವೂ ಕಡಿಮೆ. ಆದರೆ ಈ ಅನಿಲಗಳು ವಾಯುಮಂಡಲದ ಮೇಲ್ಪದರಕ್ಕೇರಿ ಓಝೋನನ್ನು ನಾಶಮಾಡುತ್ತವೆ ಎಂದು ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ 1974ರಲ್ಲಿ ತೋರಿಸಿದರು. ಅಮೆರಿಕ 1978ರಲ್ಲಿ ಹೆಚ್ಚಿನ ಸ್ಪ್ರೇ ಡಬ್ಬಿಗಳಲ್ಲಿ ಇವನ್ನು ನಿಷೇಧಿಸಿತು. 1987ರ ಮಾಂಟ್ರಿಯಲ್ ಒಪ್ಪಂದ ಜಗತ್ತಿನಾದ್ಯಂತ ಇವುಗಳ ತಯಾರಿಕೆಗೆ ಕಡಿವಾಣ ಹಾಕಿತು. ಭಾರತ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಓಝೋನ್ ಉಳಿಸುವ ಈ ಬದಲಾವಣೆಯಿಂದ ಡಬ್ಬಿಯ ಕಸ ಇನ್ನಷ್ಟು ಅಪಾಯಕಾರಿಯಾಯಿತು. ಉರಿಯದ ಅನಿಲದ ಜಾಗಕ್ಕೆ ಬಂದದ್ದು ಪ್ರೊಪೇನ್, ಬ್ಯೂಟೇನ್, ಐಸೊಬ್ಯೂಟೇನ್ ಮತ್ತು ಡೈಮೀಥೈಲ್ ಈಥರ್. ಇವೆಲ್ಲವೂ ಚೆನ್ನಾಗಿ ಉರಿಯುವಂಥವು.

ರಚನೆ

ಡಬ್ಬಿಯ ಒಡಲು ತವರ ಲೇಪಿಸಿದ ಉಕ್ಕಿನ ತಗಡಿನದು ಅಥವಾ ಅಲ್ಯೂಮಿನಿಯಮಿನದು. ಉಕ್ಕಿನ ಡಬ್ಬಿಗೆ ಉದ್ದಕ್ಕೂ ಒಂದು ಬೆಸುಗೆಯ ಗೆರೆ ಇರುತ್ತದೆ, ಅಯಸ್ಕಾಂತ ಅಂಟುತ್ತದೆ. ಡಿಯೋಡರೆಂಟ್ ಡಬ್ಬಿಗಳಲ್ಲಿ ಸಾಮಾನ್ಯವಾದ ಅಲ್ಯೂಮಿನಿಯಮ್ ಒಡಲಿಗೆ ಬೆಸುಗೆಯಿಲ್ಲ, ಅಯಸ್ಕಾಂತವೂ ಅಂಟುವುದಿಲ್ಲ. ತಲೆಯಲ್ಲಿ ಸ್ಪ್ರಿಂಗ್ ಇರುವ ಕವಾಟ, ಅದರ ಮೇಲೆ ಒತ್ತುವ ಗುಂಡಿ, ಅದರ ಕೆಳಗೆ ತಳದವರೆಗೆ ಇಳಿಯುವ ಪ್ಲಾಸ್ಟಿಕ್ ಕೊಳವೆ. ತಳವನ್ನು ಬೇಕೆಂದೇ ಒಳಕ್ಕೆ ಬಾಗಿಸಿರುತ್ತಾರೆ. ಒತ್ತಡ ಮಿತಿಮೀರಿದಾಗ ಈ ಬಾಗು ಹೊರಕ್ಕೆ ಉಬ್ಬುತ್ತದೆ. ತಳ ಉಬ್ಬಿದ ಡಬ್ಬಿಯನ್ನು ಒತ್ತಬಾರದು, ಅಲುಗಿಸಬಾರದು, ಬಿಸಿಲಿಗೆ ಇಡಬಾರದು.

ಸ್ಪ್ರೇ ಪೇಂಟ್ ಡಬ್ಬಿಯಲ್ಲಿ ಬಣ್ಣ ಕಲಕಲು ಒಂದು ಗೋಲಿ ಹಾಕಿರುತ್ತಾರೆ. ಅಲುಗಿಸಿದಾಗ ಬರುವ ಕಟಕಟ ಸದ್ದು ಆ ಗೋಲಿಯದು. ಖಾಲಿಯಾಯಿತೇ ಎಂದು ನೋಡುವಾಗ ಗಮನಿಸಬೇಕಾದದ್ದು ದ್ರವ ತುಳುಕುವ ಸದ್ದು.

ಮತ್ತೊಂದು ಬಗೆಯ ಡಬ್ಬಿಯಲ್ಲಿ ಪದಾರ್ಥ ಒಂದು ಮೆತ್ತನೆಯ ಚೀಲದಲ್ಲಿರುತ್ತದೆ, ನೋದಕ ಚೀಲಕ್ಕೂ ಲೋಹಕ್ಕೂ ನಡುವಿನ ಜಾಗದಲ್ಲಿರುತ್ತದೆ. ಶೇವಿಂಗ್ ಜೆಲ್ ಹಾಗೂ ಕೆಲವು ಔಷಧೀಯ ಸ್ಪ್ರೇಗಳು ಇಂಥವು. ಕವಾಟ ಚೀಲಕ್ಕಷ್ಟೇ ತೆರೆದುಕೊಳ್ಳುವುದರಿಂದ ನೋದಕ ಹೊರಬರುವ ದಾರಿಯೇ ಇಲ್ಲ. ಪದಾರ್ಥ ಪೂರ್ತಿ ಮುಗಿದರೂ ಈ ಡಬ್ಬಿ ಒತ್ತಡದಲ್ಲೇ ಉಳಿಯುತ್ತದೆ. ಎಷ್ಟು ಹೊತ್ತು ಗುಂಡಿ ಒತ್ತಿದರೂ ಇದನ್ನು ಮನೆಯಲ್ಲಿ ನಿಜವಾಗಿ ಖಾಲಿ ಮಾಡಲಾಗದು.

ಮುಗಿದ ಡಬ್ಬಿಯೊಳಗೆ ಉಳಿಯುವುದು

ಪ್ರೊಪೇನ್ −42, ಡೈಮೀಥೈಲ್ ಈಥರ್ −24, ಐಸೊಬ್ಯೂಟೇನ್ −12, ಬ್ಯೂಟೇನ್ −0.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತವೆ. ಒತ್ತಡದಿಂದಾಗಿ ಡಬ್ಬಿಯೊಳಗೆ ಇವು ದ್ರವವಾಗಿರುತ್ತವೆ. ಸ್ಪ್ರೇ ಮಾಡಿದಷ್ಟೂ ಒಂದಿಷ್ಟು ದ್ರವ ಆವಿಯಾಗಿ ಖಾಲಿ ಜಾಗವನ್ನು ತುಂಬುತ್ತದೆ. ಹೀಗಾಗಿ ಕೊನೆಯ ಹನಿ ದ್ರವ ಇರುವವರೆಗೂ ಒಳಗಿನ ಒತ್ತಡ ಬಹುಮಟ್ಟಿಗೆ ಹೊಸ ಡಬ್ಬಿಯಲ್ಲಿದ್ದಷ್ಟೇ ಇರುತ್ತದೆ. ಅರ್ಧ ಮುಗಿದ ಡಬ್ಬಿಯ ಒತ್ತಡ ಅರ್ಧಕ್ಕೆ ಇಳಿದಿರುತ್ತದೆ ಎಂಬ ಎಣಿಕೆ ತಪ್ಪು. ಸಾರಜನಕ ಅಥವಾ ಗಾಳಿಯನ್ನು ತುಂಬಿದ ಡಬ್ಬಿಗಳಲ್ಲಿ ಮಾತ್ರ ಬಳಸಿದಂತೆ ಒತ್ತಡ ಇಳಿಯುತ್ತದೆ.

ಒತ್ತಡವನ್ನು ನಿರ್ಧರಿಸುವುದು ಉಷ್ಣತೆ. ಶುದ್ಧ ಬ್ಯೂಟೇನಿನ ಆವಿಯ ಒತ್ತಡ 20 ಡಿಗ್ರಿಯಲ್ಲಿ ವಾತಾವರಣದ ಒತ್ತಡದ ಸುಮಾರು 2 ಪಟ್ಟು, 50 ಡಿಗ್ರಿಯಲ್ಲಿ ಸುಮಾರು 5 ಪಟ್ಟು. ಪ್ರೊಪೇನಿನದು 20 ಡಿಗ್ರಿಯಲ್ಲಿ 8 ಪಟ್ಟು ದಾಟುತ್ತದೆ, 50 ಡಿಗ್ರಿಯಲ್ಲಿ 17 ಪಟ್ಟು ಮುಟ್ಟುತ್ತದೆ. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ, ಬಳಸಿದ ಮೇಲೂ ಚುಚ್ಚಬೇಡಿ, ಸುಡಬೇಡಿ ಎಂದು ಡಬ್ಬಿಯ ಮೇಲೆ ಮುದ್ರಿಸುವುದು ಈ ಕಾರಣಕ್ಕೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿ ಗಾಜು ಮುಚ್ಚಿದ ಕಾರಿನೊಳಗೆ ಈ ಮಿತಿ ದಾಟುವುದು ಅಪರೂಪವಲ್ಲ.

ಸದ್ದು ನಿಂತ ಮೇಲೂ ಡಬ್ಬಿಯ ತುಂಬ ವಾತಾವರಣದ ಒತ್ತಡದಲ್ಲಿ ಉರಿಯುವ ಆವಿ ಇರುತ್ತದೆ. ಬ್ಯೂಟೇನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಪ್ರೊಪೇನ್ ಒಂದೂವರೆ ಪಟ್ಟು. ಹೊರಬಂದ ಆವಿ ಮೇಲೇರದೆ ನೆಲದ ಮೇಲೆ ಹರಿದು ಮೋರಿ, ನೆಲಮಾಳಿಗೆ, ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡ 2ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಕಟು ವಾಸನೆಯ ಪದಾರ್ಥ ಸೇರಿಸುತ್ತಾರೆ. ಸುಗಂಧದ ಡಬ್ಬಿಗೆ ಅಂಥ ವಾಸನೆ ಬೆರೆಸುವಂತಿಲ್ಲವಾದ್ದರಿಂದ ಅದರ ನೋದಕ ವಾಸನೆಯಿಲ್ಲದ್ದು. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೂ ಮೂಗಿಗೆ ಗೊತ್ತಾಗುವುದಿಲ್ಲ.

ಅಪಾಯದ ಸಂದರ್ಭಗಳು

ಮನೆಯವರ ಕೈಯಲ್ಲಿ ಸಿಡಿಯುವುದಕ್ಕಿಂತ ಈ ಡಬ್ಬಿ ಕಸದ ಹಾದಿಯಲ್ಲಿ ಮುಂದೆ ಸಿಡಿಯುವ ಸಂಭವ ಹೆಚ್ಚು. ಹಸಿ ಕಸದಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಅಡಗಿಸಿ ಕೊಟ್ಟ ಡಬ್ಬಿ ಕಸದ ಆಟೋದಿಂದ ಕಾಂಪ್ಯಾಕ್ಟರ್ ಲಾರಿಗೆ ಹೋಗುತ್ತದೆ. ಅಲ್ಲಿ ಹೈಡ್ರಾಲಿಕ್ ಹಲಗೆ ಅದನ್ನು ಜಜ್ಜುತ್ತದೆ. ಬಿರಿದ ಡಬ್ಬಿಯಿಂದ ಹೊರಬಂದ ಆವಿಗೆ ಲೋಹಕ್ಕೆ ಲೋಹ ತಾಗಿ ಹುಟ್ಟಿದ ಕಿಡಿ ಸಾಕು. ಒಣ ಕಸವನ್ನು ಒತ್ತಿ ಮೂಟೆ ಕಟ್ಟುವ ಬೇಲಿಂಗ್ ಯಂತ್ರ, ಲೋಹ ಸೀಳುವ ಯಂತ್ರ, ಗುಜರಿ ಅಂಗಡಿಯಲ್ಲಿ ಡಬ್ಬಿಯನ್ನು ಚಪ್ಪಟೆ ಮಾಡಲು ಹೊಡೆಯುವ ಸುತ್ತಿಗೆ, ಎಲ್ಲದರಲ್ಲೂ ಇದೇ ಅಪಾಯ. ಪೆಟ್ಟು ಬೀಳುವುದು ಡಬ್ಬಿ ಕೊಂಡವರಿಗಲ್ಲ, ಪೌರಕಾರ್ಮಿಕರಿಗೆ ಮತ್ತು ಗುಜರಿ ಆಯುವವರಿಗೆ. ಸುರಕ್ಷಿತ ವಿಲೇವಾರಿಯ ಎಲ್ಲ ಕ್ರಮಗಳೂ ಮೊದಲು ಅವರ ಕೈ ಮತ್ತು ಕಣ್ಣುಗಳನ್ನು ಉಳಿಸಲಿಕ್ಕೆ ಇರುವಂಥವು.

ಬೆಂಕಿಗೆ ಬಿದ್ದ ಡಬ್ಬಿಯ ಅಪಾಯ ಎಲ್ಲಕ್ಕಿಂತ ದೊಡ್ಡದು. ರಸ್ತೆ ಬದಿಯಲ್ಲಿ ತರಗೆಲೆಯೊಂದಿಗೆ ಕಸ ಸುಡುವುದು, ಖಾಲಿ ಸೈಟಿನ ಕಸಕ್ಕೆ ಬೆಂಕಿ ಹಚ್ಚುವುದು, ಚಳಿಗೆ ಕಸ ಕೂಡಿಸಿ ಬೆಂಕಿ ಕಾಯಿಸುವುದು ನಮ್ಮಲ್ಲಿ ಸಾಮಾನ್ಯ. ಬಿಸಿಗೆ ಒಳಗಿನ ದ್ರವ ಕುದಿದು ಒತ್ತಡ ಏರುತ್ತದೆ, ಅದೇ ಹೊತ್ತಿಗೆ ಲೋಹ ದುರ್ಬಲವಾಗುತ್ತದೆ. ಒಡಲು ಬಿರಿದ ಕ್ಷಣ ದ್ರವವೆಲ್ಲ ಒಮ್ಮೆಗೇ ಆವಿಯಾಗಿ, ತನ್ನ ಗಾತ್ರದ 200 ಪಟ್ಟಿಗೂ ಹೆಚ್ಚು ಹಿಗ್ಗಿ, ಬೆಂಕಿಯುಂಡೆಯಾಗುತ್ತದೆ. ಲೋಹದ ಚೂರುಗಳು ಹಲವು ಮೀಟರ್ ದೂರ ಹಾರುತ್ತವೆ.

ಡಬ್ಬಿ ಸಿಡಿಯದೆಯೂ ಅನಾಹುತ ಆಗಬಹುದು ಎಂಬುದಕ್ಕೆ ಜಪಾನಿನ ಸಪ್ಪೊರೊ ನಗರದ ದುರಂತ ಸಾಕ್ಷಿ. 2018ರ ಡಿಸೆಂಬರ್ 16ರ ರಾತ್ರಿ ಮನೆ ಬಾಡಿಗೆ ವ್ಯವಹಾರದ ಕಚೇರಿಯೊಂದರಲ್ಲಿ ಬಿಸಾಡುವ ಸಲುವಾಗಿ ಸುಮಾರು 120 ವಾಸನೆ ನಿವಾರಕ ಸ್ಪ್ರೇ ಡಬ್ಬಿಗಳ ಅನಿಲವನ್ನು ಕೋಣೆಯೊಳಗೇ ಬಿಡಲಾಯಿತು. ಬಳಿಕ ಕೈತೊಳೆಯಲು ನೀರು ಕಾಯಿಸುವ ಯಂತ್ರ ಹೊತ್ತಿಸಿದಾಗ ತುಂಬಿಕೊಂಡಿದ್ದ ಆವಿ ಸ್ಫೋಟಿಸಿತು. ಅದೇ ಕಟ್ಟಡದಲ್ಲಿದ್ದ ಉಪಾಹಾರ ಗೃಹವೂ ಕುಸಿದು, 40ಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಡಬ್ಬಿಗಳನ್ನು ಯಾರೂ ಚುಚ್ಚಿರಲಿಲ್ಲ, ಸುಟ್ಟಿರಲಿಲ್ಲ. ಮುಚ್ಚಿದ ಜಾಗದಲ್ಲಿ, ಒಟ್ಟಿಗೆ, ಉರಿಯ ಬಳಿ ಖಾಲಿ ಮಾಡಿದ್ದೇ ದುರಂತಕ್ಕೆ ಕಾರಣವಾಯಿತು.

ಮನೆಯಲ್ಲಿ ಅನುಸರಿಸುವ ಕ್ರಮ

ಡಬ್ಬಿಯನ್ನು ಅದರ ಕೆಲಸಕ್ಕೇ ಬಳಸಿ ಮುಗಿಸುವುದು ಉತ್ತಮ ಕ್ರಮ. ಅರ್ಧ ಉಳಿದ ಪೇಂಟ್ ಅಥವಾ ಸುಗಂಧವನ್ನು ಬೇಕಾದವರಿಗೆ ಕೊಡಬಹುದು. ಕೊನೆಯಲ್ಲಿ ಉಳಿದ ಒತ್ತಡವನ್ನು ಬಿಡಬೇಕಾದರೆ ಅದು ಬಯಲಿನಲ್ಲಿ, ಗಾಳಿಯಾಡುವ ಕಡೆ, ಒಲೆ, ದೀಪ, ಸಿಗರೇಟು, ಓಡುವ ಮೋಟರು, ಮೋರಿಯ ಬಾಯಿ ಇವುಗಳಿಂದ ದೂರ ನಡೆಯಬೇಕು. ಡಬ್ಬಿಯನ್ನು ನೆಟ್ಟಗೆ ಹಿಡಿದು, ಗಾಳಿಗೆ ಬೆನ್ನು ಮಾಡಿ ನಿಂತು, ಸದ್ದು ನಿಲ್ಲುವವರೆಗೆ ಗುಂಡಿ ಒತ್ತಬೇಕು. ಒಂದು ಸಲಕ್ಕೆ ಒಂದೇ ಡಬ್ಬಿ. ಸ್ನಾನದ ಮನೆ, ಅಡುಗೆಮನೆ, ಗ್ಯಾರೇಜು ಈ ಕೆಲಸಕ್ಕೆ ಸಲ್ಲವು.

ಕೀಟನಾಶಕದ ಡಬ್ಬಿಗೆ ಇದೇ ಮಾತು ಅನ್ವಯಿಸುವುದಿಲ್ಲ. ಉಳಿದ ವಿಷವನ್ನು ಬಯಲಿಗೆ ಸಿಂಪಡಿಸಿದರೆ ಜೇನ್ನೊಣ, ಮೀನು, ಸಾಕುಪ್ರಾಣಿಗಳಿಗೆ ಹಾನಿ. ಅದನ್ನು ಬಳಸಿ ಮುಗಿಸಬೇಕು, ಇಲ್ಲವೇ ಇದ್ದಂತೆಯೇ ಅಪಾಯಕಾರಿ ಮನೆಕಸವಾಗಿ ಒಪ್ಪಿಸಬೇಕು. ಗುಂಡಿ ಕಟ್ಟಿಕೊಂಡು ಸ್ಪ್ರೇ ಬಾರದ ತುಂಬಿದ ಡಬ್ಬಿ, ತುಕ್ಕು ಹಿಡಿದ ಡಬ್ಬಿ, ಚೀಲವಿರುವ ಡಬ್ಬಿ ಇವೂ ಇದೇ ಸಾಲಿಗೆ ಸೇರುತ್ತವೆ. ಇನ್‌ಹೇಲರಿನಲ್ಲಿ ಔಷಧದ ಎಣಿಕೆ ಸೊನ್ನೆ ತೋರಿಸಿದ ಮೇಲೂ ನೋದಕ ಉಳಿದಿರುತ್ತದೆ. ಅದನ್ನು ಅವಧಿ ಮೀರಿದ ಔಷಧಗಳ ಜೊತೆ ಕೊಡುವುದು ಸರಿ.

ಪ್ಲಾಸ್ಟಿಕ್ ಮುಚ್ಚಳವನ್ನು ಬೇರ್ಪಡಿಸಿ ಪ್ಲಾಸ್ಟಿಕ್ಕಿನೊಂದಿಗೆ ಹಾಕಬಹುದು. ಕವಾಟವನ್ನು ಕೀಳಲು ಹೋಗಬಾರದು. ಡಬ್ಬಿಯನ್ನು ಚಪ್ಪಟೆ ಮಾಡಬಾರದು. ಖಾಲಿಯಾದ ಡಬ್ಬಿಗಳನ್ನು ಬೇರೆಯದೇ ಚೀಲದಲ್ಲಿ ನೆರಳಿನಲ್ಲಿಟ್ಟು, ಕಸ ಒಯ್ಯುವವರ ಕೈಗೆ ಕೊಡುವಾಗ ಇದು ಸ್ಪ್ರೇ ಡಬ್ಬಿ ಎಂದು ಬಾಯಿಬಿಟ್ಟು ಹೇಳಬೇಕು.

ಚಾರಣದ ಒಲೆಯ ಡಬ್ಬಿಯನ್ನು ಉರಿ ತಾನಾಗಿ ಆರುವವರೆಗೆ ಒಲೆಯಲ್ಲೇ ಉರಿಸಿ ಮುಗಿಸುವುದು ವಾಡಿಕೆ. ಚಳಿಯಲ್ಲಿ ಬ್ಯೂಟೇನ್ ಆವಿಯಾಗದೆ ಉರಿ ಬೇಗ ಆರುತ್ತದೆ, ಡಬ್ಬಿ ಮಾತ್ರ ಖಾಲಿಯಾಗಿರುವುದಿಲ್ಲ. ಕುಮಾರಪರ್ವತದಲ್ಲಾಗಲಿ ಹಿಮಾಲಯದಲ್ಲಾಗಲಿ ಬಳಸಿದ ಡಬ್ಬಿಯನ್ನು ಬೆಟ್ಟದಲ್ಲಿ ಹೂಳದೆ, ಶಿಬಿರದ ಬೆಂಕಿಗೆ ಹಾಕದೆ ಕೆಳಗೆ ಹೊತ್ತು ತರಬೇಕು. ಕೆನೆ ನೊರೆ ಮಾಡುವ ನೈಟ್ರಸ್ ಆಕ್ಸೈಡಿನ 8 ಗ್ರಾಂ ಗುಂಡು ಮತ್ತು ಸೋಡಾ ಬಾಟಲಿಯ ಇಂಗಾಲಾಮ್ಲದ ಗುಂಡುಗಳು ಸರಳ. ಬಳಸುವಾಗಲೇ ಅವುಗಳ ಕುತ್ತಿಗೆಗೆ ತೂತು ಬೀಳುವುದರಿಂದ ಬಳಸಿದವು ಶುದ್ಧ ಉಕ್ಕಿನ ಗುಜರಿ, ಬಳಸದವು ಅಲ್ಲ.

ತೂತು ಮಾಡುವ ಪ್ರಶ್ನೆ

ಡಬ್ಬಿ ನಿಜಕ್ಕೂ ಖಾಲಿಯೆಂದು ಕಣ್ಣಿಗೆ ಕಾಣುವಂತೆ ತೂತು ಮಾಡಿ ಕೊಡುವ ಪದ್ಧತಿ ಕೆಲವು ದೇಶಗಳಲ್ಲಿ ಇದೆ. ಜಪಾನಿನ ಹಲವು ಪೌರಾಡಳಿತಗಳು ಹಾಗೆ ಕೇಳುತ್ತಿದ್ದವು. ತೂತು ಮಾಡುವಾಗ ಮನೆಗಳಲ್ಲಿ ಬೆಂಕಿ ಅನಾಹುತಗಳಾದ್ದರಿಂದ ಅಲ್ಲಿನ ಪರಿಸರ ಸಚಿವಾಲಯ ತೂತು ಮಾಡದೆ ಪ್ರತ್ಯೇಕವಾಗಿ ಸಂಗ್ರಹಿಸುವ ಕ್ರಮಕ್ಕೆ ಒತ್ತುಕೊಟ್ಟಿತು. ಚಾರಣದ ಡಬ್ಬಿ ಚುಚ್ಚಲು ಕಿಡಿ ಹಾರದ ವಿಶೇಷ ಉಪಕರಣಗಳು ಮಾರಾಟಕ್ಕಿವೆ. ಅವು ಪೂರ್ತಿ ಉರಿಸಿ ಮುಗಿಸಿದ ಡಬ್ಬಿಗೆ, ಬಯಲಿನಲ್ಲಿ, ತರಬೇತಿ ಇದ್ದವರಿಗೆ ಮಾತ್ರ. ಮೊಳೆ, ಸುತ್ತಿಗೆ, ಸ್ಕ್ರೂಡ್ರೈವರ್, ಡ್ರಿಲ್ ಬಳಸಿ ಮನೆಯಲ್ಲಿ ಅನಿಲ ಡಬ್ಬಿ ಚುಚ್ಚುವುದು ಯಾವ ಸಂದರ್ಭದಲ್ಲೂ ಸುರಕ್ಷಿತವಲ್ಲ.

ಕೈಗಾರಿಕಾ ವಿಲೇವಾರಿ ಮತ್ತು ಲೋಹದ ಮರುಗಳಿಕೆ

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮುಚ್ಚಿದ ಯಂತ್ರದಲ್ಲಿ ನಡೆಯುತ್ತದೆ. ಡಬ್ಬಿಯನ್ನು ಆಮ್ಲಜನಕ ತಗ್ಗಿಸಿದ ಕೋಣೆಯಲ್ಲಿ ಚುಚ್ಚಿ ಅಥವಾ ಸೀಳಿ, ಹೊರಬಂದ ಅನಿಲವನ್ನು ಹಿಡಿದು ಸುಡುತ್ತಾರೆ ಅಥವಾ ಇಂಧನವಾಗಿ ಬಳಸುತ್ತಾರೆ. ಉಳಿದ ದ್ರವವನ್ನು ಬೇರೆ ಮಾಡಿ ಅಪಾಯಕಾರಿ ತ್ಯಾಜ್ಯವಾಗಿ ನಿರ್ವಹಿಸುತ್ತಾರೆ. ಉಕ್ಕನ್ನು ಅಯಸ್ಕಾಂತದಿಂದಲೂ ಅಲ್ಯೂಮಿನಿಯಮನ್ನು ಸುಳಿವಿದ್ಯುತ್ ಯಂತ್ರದಿಂದಲೂ ಆಯುತ್ತಾರೆ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಬಳಸುವುದರಿಂದ ಶೇಕಡ 95ರಷ್ಟು ಶಕ್ತಿ ಉಳಿಯುತ್ತದೆ. ನೆಲಭರ್ತಿಗೆ ಹೋದ ಪ್ರತಿ ಡಿಯೋಡರೆಂಟ್ ಡಬ್ಬಿಯೂ ಆ ಲೆಕ್ಕದಲ್ಲಿ ನಷ್ಟವೇ.

ಸಿಲಿಂಡರುಗಳು

ಮರುಭರ್ತಿಯ ಸಿಲಿಂಡರ್ ಕಸವಲ್ಲ. 14.2 ಕಿಲೋಗ್ರಾಂ ಗೃಹಬಳಕೆಯ ಎಲ್‌ಪಿಜಿ ಸಿಲಿಂಡರ್ ತೈಲ ಕಂಪನಿಯ ಆಸ್ತಿ. ಸಂಪರ್ಕ ಬೇಡವಾದರೆ ಅದನ್ನು ವಿತರಕರಿಗೆ ಮರಳಿಸಿ ಠೇವಣಿ ಹಿಂಪಡೆಯಬೇಕು, ಗುಜರಿಗೆ ಮಾರುವಂತಿಲ್ಲ. ಆಮ್ಲಜನಕ ಮತ್ತು ಕೈಗಾರಿಕಾ ಅನಿಲಗಳ ಸಿಲಿಂಡರನ್ನು ಪೂರೈಕೆದಾರರಿಗೆ, ಅಗ್ನಿಶಾಮಕ ಸಿಲಿಂಡರನ್ನು ಮರುಭರ್ತಿ ಮಾಡುವ ಸಂಸ್ಥೆಗೆ ಒಪ್ಪಿಸಬೇಕು. ಎಲ್‌ಪಿಜಿ ಸೋರಿಕೆಯಾದರೆ ಕರೆ ಮಾಡಬೇಕಾದ ತುರ್ತು ಸಂಖ್ಯೆ 1906.

ಕಾನೂನು

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರ ಡಿಸೆಂಬರಿನಲ್ಲಿ ಏರೋಸಾಲ್ ಡಬ್ಬಿಗಳನ್ನು, ಅಂದರೆ ಸ್ಪ್ರೇ ಡಬ್ಬಿಗಳನ್ನು, ಬ್ಯಾಟರಿ, ಪಾದರಸದ ದೀಪಗಳಿರುವ ಸಾರ್ವತ್ರಿಕ ತ್ಯಾಜ್ಯಗಳ ಪಟ್ಟಿಗೆ ಸೇರಿಸಿ, ಸಂಗ್ರಹಣೆ ಮತ್ತು ಚುಚ್ಚುವ ಯಂತ್ರಗಳಿಗೆ ನಿಯಮ ಮಾಡಿತು. ಯುರೋಪಿನಲ್ಲಿ 1975ರ ಏರೋಸಾಲ್ ನಿರ್ದೇಶನ ಡಬ್ಬಿಯ ಬಲ ಮತ್ತು ಎಚ್ಚರಿಕೆಯ ಬರಹವನ್ನು ನಿಗದಿಪಡಿಸುತ್ತದೆ. ಕ್ಯಾಲಿಫೋರ್ನಿಯಾ 2022ರಲ್ಲಿ ಮಾಡಿದ ಕಾನೂನಿನಂತೆ ಒಂದು ಪೌಂಡಿನ, ಬಳಸಿ ಬಿಸಾಡುವ ಪ್ರೊಪೇನ್ ಡಬ್ಬಿಗಳ ಮಾರಾಟ ಅಲ್ಲಿ 2028ರ ಜನವರಿಯಿಂದ ನಿಲ್ಲಬೇಕು.

ಭಾರತದಲ್ಲಿ ಡಬ್ಬಿಯೊಳಗಿನ ಪದಾರ್ಥಕ್ಕೆ ತಕ್ಕಂತೆ ಕಾನೂನು ಬೇರೆ ಬೇರೆ: ಕೀಟನಾಶಕಕ್ಕೆ 1968ರ ಕೀಟನಾಶಕ ಕಾಯಿದೆ, ಡಿಯೋಡರೆಂಟಿಗೆ ಪ್ರಸಾಧನ ಸಾಮಗ್ರಿಗಳ ನಿಯಮಗಳು. ಕಸವಾದ ಮೇಲೆ ಅನ್ವಯಿಸುವ ಘನ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲಿ ಪೇಂಟ್ ಡಬ್ಬಿ, ಕೀಟನಾಶಕದ ಡಬ್ಬಿ, ಸಿಎಫ್‌ಎಲ್ ದೀಪ, ಬ್ಯಾಟರಿ, ಅವಧಿ ಮೀರಿದ ಔಷಧ ಮುಂತಾದವನ್ನು ಅಪಾಯಕಾರಿ ಮನೆಕಸವೆಂದು ಗುರುತಿಸಿ, ಹಸಿ ಕಸ ಮತ್ತು ಒಣ ಕಸಗಳಿಂದ ಬೇರೆ ಇಡಬೇಕೆಂದು ವಿಧಿಸಿದವು. ಇದಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಸ್ಥಾಪಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಕಾರ್ಖಾನೆ ಮತ್ತು ವರ್ಕ್‌ಶಾಪುಗಳ ರಾಸಾಯನಿಕ ಅಂಟಿದ ಡಬ್ಬಿಗಳು ಅದೇ ವರ್ಷದ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತವೆ. ಅವನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಅಧಿಕೃತ ಘಟಕಕ್ಕೆ ಕಳುಹಿಸಬೇಕು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯ ಸಾಮೂಹಿಕ ಘಟಕದಂಥ ವ್ಯವಸ್ಥೆ ಇದೆ. ಮನೆಗಳ ಡಬ್ಬಿಗಳಿಗೆ ಇಷ್ಟು ಖಚಿತವಾದ ದಾರಿಯಿಲ್ಲ. ಬೆಂಗಳೂರಿನಲ್ಲಿ ಹೈಕೋರ್ಟಿನ 2015ರ ಆದೇಶದ ನಂತರ ಜಾರಿಗೆ ಬಂದ ಎರಡು ಬುಟ್ಟಿ, ಒಂದು ಚೀಲ ಪದ್ಧತಿ ಹಸಿ, ಒಣ ಮತ್ತು ತಿರಸ್ಕೃತ ಕಸಗಳನ್ನು ಬೇರ್ಪಡಿಸುತ್ತದೆ. ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಹಸಿರು ದಳದಂಥ ಸಂಘಟನೆಗಳ ನೆರವಿನಿಂದ ಕಸ ಆಯುವವರೇ ನಡೆಸುತ್ತಾರೆ. ಪೇಂಟ್ ಮತ್ತು ಕೀಟನಾಶಕದವನ್ನು ಬಿಟ್ಟರೆ, ನಿಜವಾಗಿ ಖಾಲಿಯಾದ ಲೋಹದ ಡಬ್ಬಿಗೆ ಸರಿಯಾದ ಜಾಗ ಇಂಥ ಕೇಂದ್ರ. ಖಾಲಿಯಾಗದ ಡಬ್ಬಿಯನ್ನು ಅಲ್ಲಿಗೆ ಒಣ ಕಸವೆಂದು ಕೊಡಬಾರದು.

ಕಾಗದ, ಗಾಜು ಮತ್ತು ಲೋಹದ ಪೊಟ್ಟಣಗಳ ಮರುಸಂಗ್ರಹದ ಹೊಣೆಯನ್ನು ತಯಾರಕರಿಗೆ ವಹಿಸುವ ಕರಡು ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಸಂಗ್ರಹ ಕೇಂದ್ರ ಹತ್ತಿರದಲ್ಲಿಲ್ಲದ ಊರುಗಳಲ್ಲಿ ಖಾಲಿಯಾಗದ ಡಬ್ಬಿಯನ್ನು ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಕಸ ನಿರ್ವಹಣಾ ಸಿಬ್ಬಂದಿಗೆ ತಿಳಿಸಿ ಪ್ರತ್ಯೇಕವಾಗಿ ಒಪ್ಪಿಸಬೇಕು.